ಸ್ಟೇಜ್ ಮುಂದಿನ ಕೆಂಪು ಕುಂಡಗಳು

(1/9)

ಕಳೆದ ಭಾನುವಾರ ಹಾಕಿದ ಫೋಟೋಗೆ ಬಂದ ಕಾಮೆಂಟ್‌ಗಳನ್ನೆಲ್ಲ ಓದಿದೆ. "ಯಾವ ಹೂವು ಇದು?", "ಫಿಲ್ಟರ್ ಯಾವ್ದು ಹೇಳೇ", "ನಿಮ್ಮ ನರ್ಸರೀಲಿ ತೆಗೆದಿದ್ದಾ?" ಅಂತೆಲ್ಲ ಕೇಳಿದ್ದೀರಿ.

ಮೊದಲ ಎರಡಕ್ಕೆ ಉತ್ತರ ಸುಲಭ. ಹೂವು ಸಾಲ್ವಿಯಾ. ಫಿಲ್ಟರ್ ಇಲ್ಲ, ಬೆಳಗ್ಗೆ ಏಳು ಗಂಟೆಯ ಬಿಸಿಲು ಅಷ್ಟೆ. ಮೂರನೇ ಪ್ರಶ್ನೆಗೆ ಮಾತ್ರ ನಾನು ಎರಡು ವರ್ಷದಿಂದ ಸರಿಯಾದ ಉತ್ತರ ಕೊಟ್ಟಿಲ್ಲ. ಈ ಸಲ ಕೊಡ್ತೀನಿ.

ಫೋಟೋ ತೆಗೆದಿದ್ದು ನಮ್ಮನೆ ತಾರಸಿ ಮೇಲೆ. ಮೈಸೂರಲ್ಲಿ ನಾವಿರೋದು ಬಾಡಿಗೆ ಮನೆ, ಮೇಲೆ ಓನರ್ ನೀರಿನ ಟ್ಯಾಂಕು, ಟ್ಯಾಂಕಿನ ಪಕ್ಕ ಹತ್ತು ಅಡಿ ಜಾಗ. ಅಲ್ಲಿ ಈಗ ಹದಿನಾಲ್ಕು ಕುಂಡ ಇವೆ. ಕುಂಡ ಅಂದ್ರೂ ಎಲ್ಲ ಕುಂಡ ಅಲ್ಲ. ಐದು ಪೇಂಟ್ ಡಬ್ಬ, ಹಿಡಿ ಕಿತ್ತೋದ ಎರಡು ಬಕೆಟ್ಟು, ಒಂದು ಹಳೇ ಕುಕ್ಕರ್. ಹನ್ನೊಂದರಲ್ಲಿ ಕೆಂಪು ಸಾಲ್ವಿಯಾ, ಮೂರರಲ್ಲಿ ನೀಲಿ.

ಇದನ್ನ ಬೆಳೆಸೋದು ಹೇಗೆ ಅಂತ ಬರೀತೀನಿ ಅಂದಿದ್ದೆ. ಬರೀತೀನಿ. ಆದ್ರೆ ಈ ಗಿಡಗಳು ನಮ್ಮನೆಗೆ ಹೇಗೆ ಬಂದ್ವು ಅನ್ನೋದನ್ನ ಬಿಟ್ಟು ಬರೀ ಗೊಬ್ಬರ, ನೀರು ಅಂತ ಬರೆದ್ರೆ ಅದು ಅರ್ಧ ಸುಳ್ಳಾಗುತ್ತೆ. ಹಾಗಾಗಿ ಉದ್ದ ಆಗುತ್ತೆ. ಒಂಬತ್ತು ಪೋಸ್ಟ್. ಟೀ ತಗೊಂಡು ಕೂತ್ಕೊಳ್ಳಿ.

(2/9)

ಮೊದಲು ಹೂವಿನ ಪರಿಚಯ.

ನೀವೆಲ್ಲ ಸಾಲ್ವಿಯಾ ನೋಡೇ ನೋಡಿರ್ತೀರಿ, ಹೆಸರು ಗೊತ್ತಿರಲ್ಲ. ಪಾರ್ಕಲ್ಲಿ, ಸರ್ಕಲ್ಲಲ್ಲಿ, ದಸರಾ ಟೈಮಲ್ಲಿ ಕುಪ್ಪಣ್ಣ ಪಾರ್ಕಿನ ಫ್ಲವರ್ ಶೋನಲ್ಲಿ ಚೆಂಡುಹೂವಿನ ಪಕ್ಕ ಸಾಲಾಗಿ ನಿಂತಿರುತ್ತಲ್ಲ, ಕಡ್ಡಿ ಮೇಲೆ ಕೆಂಪು ಕೊಳವೆ ಜೋಡಿಸಿದ ಹಾಗೆ, ಅದೇ. ಚಿಕ್ಕವರಿದ್ದಾಗ ಹೂವನ್ನ ಕಿತ್ತು ಹಿಂದಿನ ತುದಿಯಿಂದ ಸಿಹಿ ಹೀರಿ ಮಾಲಿ ಹತ್ರ ಬೈಸಿಕೊಂಡಿದ್ರೆ, ಅದು ಬಹುಶಃ ಇದೇ ಗಿಡ. ಇದರ ಊರು ಬ್ರೆಜಿಲ್. ಪೂರ್ತಿ ಹೆಸರು ಸಾಲ್ವಿಯಾ ಸ್ಪ್ಲೆಂಡೆನ್ಸ್.

ಕಾಂಡವನ್ನ ಎರಡು ಬೆರಳಲ್ಲಿ ಹಿಡಿದು ಉರುಳಿಸಿ ನೋಡಿ. ಉರುಳಲ್ಲ. ಯಾಕಂದ್ರೆ ಅದು ದುಂಡಗಿಲ್ಲ, ಚೌಕ. ಈಗ ಮನೆ ತುಳಸಿ ಕಾಂಡ ಹಿಡೀರಿ. ಅದೂ ಚೌಕ. ಪುದೀನ, ದೊಡ್ಡಪತ್ರೆ, ಶಿವನಿಗೆ ಏರಿಸೋ ತುಂಬೆ ಗಿಡ, ಎಲ್ಲದರದ್ದೂ ಇದೇ ಕಥೆ. ಎಲ್ಲ ಒಂದೇ ಕುಟುಂಬ, ಲೇಮಿಯೇಸಿ. ಚೌಕ ಕಾಂಡ, ಎದುರುಬದುರು ಎಲೆ, ಎರಡು ತುಟಿಯ ಹೂವು. ಇಂಟರ್ನಲ್ಸ್‌ಗೆ ಎರಡು ಮಾರ್ಕು ಇಲ್ಲೇ ಬಂತು.

ಸಾಲ್ವಿಯಾ ಕುಲದಲ್ಲೇ ಸುಮಾರು 1000 ಜಾತಿ ಇವೆ. ಜಿಮ್‌ಗೆ ಹೋಗೋರು ರಾತ್ರಿ ನೀರಲ್ಲಿ ನೆನೆಸಿಡೋ ಚಿಯಾ ಇದೆಯಲ್ಲ, ಅದೂ ಸಾಲ್ವಿಯಾನೇ. ನಮ್ಮ ಎಚ್.ಡಿ. ಕೋಟೆ ಕಡೆ ರೈತರು ಅದನ್ನ ಬೆಳೀತಾರೆ. ನಮ್ಮೂರಿನ ಸಿಎಫ್‌ಟಿಆರ್‌ಐ ಸಂಸ್ಥೆ ಅದನ್ನ ಇಲ್ಲಿ ಬೆಳೆಯೋಕೆ ಪ್ರೋತ್ಸಾಹ ಕೊಟ್ಟಿದ್ದು. 2017ರಲ್ಲಿ ಡಿಎನ್‌ಎ ಅಧ್ಯಯನದ ಮೇಲೆ ವಿಜ್ಞಾನಿಗಳು ರೋಸ್ಮರಿಯನ್ನೂ ಸಾಲ್ವಿಯಾಗೆ ಸೇರಿಸಿದ್ರು. ಹಾಗಂತ ಕೆಂಪು ಸಾಲ್ವಿಯಾ ಬೀಜವನ್ನ ನೆನೆಸಿ ಕುಡೀಬೇಡಿ ದಯವಿಟ್ಟು.

(3/9)

ಈಗ ಕಾಲೇಜ್ ಡೇ ವಿಷಯ.

ಫೆಬ್ರವರಿ. ಹುಡುಗಿಯರೆಲ್ಲ ಸೀರೆ ಉಟ್ಟಿದ್ವಿ. ಸ್ಟೇಜ್ ಮುಂದೆ ಎರಡು ಸಾಲು ಕೆಂಪು ಹೂವಿನ ಕುಂಡ ಇಟ್ಟಿದ್ರು. ಅದರ ಮುಂದೆ ನಿಂತು ಗ್ರೂಪ್ ಫೋಟೋ ತೆಗೆಸ್ಕೊಂಡ್ವಿ. ಆ ಫೋಟೋ ನಿಮ್ಮೆಲ್ಲರ ಪ್ರೊಫೈಲಲ್ಲೂ ಇದೆ, ಬೇಕಿದ್ರೆ ಹೋಗಿ ನೋಡಿ. ನಮ್ಮ ಸೀರೆ ನೆರಿಗೆಯ ಹತ್ರ ಕಾಣೋ ಕೆಂಪು ಸಾಲ್ವಿಯಾ.

ಆ ಕುಂಡಗಳನ್ನ ಲಗೇಜ್ ಆಟೋದಿಂದ ಇಳಿಸಿದ್ದು ನಮ್ಮಪ್ಪ.

ಬೆಳಗ್ಗೆ ಎಂಟೂವರೆ ಇರಬಹುದು. ನಾನು ರಂಗೋಲಿ ಟೀಮ್ ಜೊತೆ ಆಡಿಟೋರಿಯಂ ಬಾಗಿಲಲ್ಲಿ ಕೂತಿದ್ದೆ. ಅಪ್ಪ ಎರಡೂ ಕೈಯಲ್ಲಿ ಒಂದೊಂದು ಕುಂಡ ಹಿಡ್ಕೊಂಡು ಬಂದ್ರು. ಖಾಕಿ ಪ್ಯಾಂಟು, ಮಂಡಿ ಹತ್ರ ಒಣಗಿದ ಮಣ್ಣು. ನಮ್ಮಲ್ಲೇ ಒಬ್ಬಳು, "ಅಂಕಲ್, ಆ ಕಡೆಯಿಂದ ಹೋಗಿ, ರಂಗೋಲಿ ತುಳೀಬೇಡಿ" ಅಂದಳು. ಅವಳದ್ದೇನೂ ತಪ್ಪಿಲ್ಲ, ಮರ್ಯಾದೆಯಾಗೇ ಹೇಳಿದ್ದು. ಅಪ್ಪ "ಆಯ್ತಮ್ಮ" ಅಂದ್ರು. ಅಂದು ನನ್ನ ಕಡೆ ಒಂದ್ಸಲ ನೋಡಿದ್ರು.

ನಾನು ಫೋನ್ ತೆಗೆದು ಏನೋ ಟೈಪ್ ಮಾಡೋ ಹಾಗೆ ತಲೆ ಬಗ್ಗಿಸಿದೆ.

ಅಪ್ಪ ಒಟ್ಟು ಮೂವತ್ತು ಕುಂಡ ಇಟ್ರು. ಪ್ರತಿಯೊಂದನ್ನೂ ಇಟ್ಟಮೇಲೆ ಸ್ವಲ್ಪ ತಿರುಗಿಸ್ತಾರೆ, ಹೂವು ಜಾಸ್ತಿ ಇರೋ ಕಡೆ ಜನಕ್ಕೆ ಕಾಣ್ಲಿ ಅಂತ. ಮನೇಲಿ ನೀರಿನ ಚೊಂಬನ್ನೂ ಹಾಗೇ ತಿರುಗಿಸಿ ಇಡೋ ಮನುಷ್ಯ. ನಾನು ತಲೆ ಎತ್ತದೆಯೇ ಅದನ್ನೆಲ್ಲ ನೋಡಿದೆ. ಇಪ್ಪತ್ತು ನಿಮಿಷ. ಆಮೇಲೆ ಆಟೋ ಹೋಯ್ತು.

(4/9)

"ಅಪ್ಪ ಏನ್ ಮಾಡ್ತಾರೆ?" ಅಂತ ಫಸ್ಟ್ ಇಯರ್ ಮೊದಲನೇ ವಾರ ಯಾರೋ ಕೇಳಿದಾಗ ನಾನು ಹೇಳಿದ್ದು, "ಅಪ್ಪಂದು ನರ್ಸರಿ."

ಹೇಳಬೇಕಿದ್ದಿದ್ದು, "ಅಪ್ಪ ನರ್ಸರೀಲಿ."

ಎಷ್ಟು ಚಿಕ್ಕ ವ್ಯತ್ಯಾಸ ನೋಡಿ. ನರ್ಸರಿ ಬೇರೆಯವರದ್ದು. ಅಪ್ಪ ಅಲ್ಲಿ ಮಾಲಿ, ಹತ್ತೊಂಬತ್ತು ವರ್ಷದಿಂದ. ದಿನಗೂಲಿ. ಮಳೆ ಬಂದು ಆರ್ಡರ್ ಇಲ್ಲದ ದಿನ ಮನೇಲಿ. ನೀವು "ವಾವ್, ಎಷ್ಟು ಎಕರೆ?" ಅಂದಾಗ ನಾನು ನಕ್ಕಿದ್ದೆ, ಅಷ್ಟೆ. ಇಲ್ಲ ಅನ್ನಲಿಲ್ಲ. ಆಮೇಲೆ ಒಂದು ಸುಳ್ಳು ತಾನೇ ಬೆಳೀತಾ ಹೋಯ್ತು. ಅದಕ್ಕೆ ನೀರು ಗೊಬ್ಬರ ಬೇಕಾಗಲ್ಲ.

ಕಾಲೇಜ್ ಡೇ ಕುಂಡಗಳು ಬಾಡಿಗೆಯವು, ಮಾರನೇ ದಿನ ವಾಪಸ್ ಹೋದ್ವು. ಎರಡು ಮಾತ್ರ ಕುರ್ಚಿ ಎಳೆಯೋವಾಗ ಬಿದ್ದು ಒಡೆದಿದ್ವು. ಅವನ್ನ ಆಡಿಟೋರಿಯಂ ಹಿಂದೆ ಗುಡಿಸಿ ಹಾಕಿದ್ರು. ಸೋಮವಾರ ನೋಡಿದಾಗ ಬೇರಿನ ಗಡ್ಡೆಗೆ ಮಣ್ಣು ಅಂಟಿಕೊಂಡಿತ್ತು, ಎಲೆ ಜೋತುಬಿದ್ದಿತ್ತು, ಹೂವಿನ ಕಡ್ಡಿ ಮಾತ್ರ ಇನ್ನೂ ಕೆಂಪಗಿತ್ತು. ಒಡೆದ ಕುಂಡದ ದುಡ್ಡು ಅಪ್ಪನ ಲೆಕ್ಕದಲ್ಲಿ ಕಟ್ ಆಗುತ್ತೆ ಅಂತ ನನಗೆ ಗೊತ್ತಿತ್ತು. ಯಾಕೋ ಗೊತ್ತಿಲ್ಲ, ಎರಡೂ ಗಿಡವನ್ನ ಬಟ್ಟೆ ಅಂಗಡಿ ಕವರಲ್ಲಿ ಹಾಕ್ಕೊಂಡು ಸಿಟಿ ಬಸ್ಸಲ್ಲಿ ಮನೆಗೆ ತಂದೆ.

(5/9)

ಅಪ್ಪ ಗಿಡ ನೋಡಿದ್ರು. ಎಲ್ಲಿಂದ ಬಂತು ಅಂತ ಕೇಳಲಿಲ್ಲ. ಅವರಿಗೆ ಗೊತ್ತಾಗದೇ ಇರುತ್ತಾ, ಅವರೇ ನೆಟ್ಟ ಗಿಡ. ಪೇಂಟ್ ಡಬ್ಬದ ತಳಕ್ಕೆ ಮೊಳೆಯಲ್ಲಿ ತೂತು ಹೊಡೆದು ಮಣ್ಣು ತುಂಬಿಸಿ ನೆಟ್ರು. ನೆಟ್ಟವರೇ ಕತ್ತರಿ ತಗೊಂಡು ಕೆಂಪಗಿದ್ದ ಎಲ್ಲ ಕಡ್ಡಿಗಳನ್ನೂ ಕತ್ತರಿಸಿಬಿಟ್ರು.

"ಅಪ್ಪಾ, ಹೂವಿದೆಯಲ್ಲ!" ಅಂತ ಕೂಗಿದೆ.

"ಎಲ್ಲಿದೆ ಹೂವು? ತೋರ್ಸು."

ಒಂದು ಕಡ್ಡಿ ಕೈಗೆ ಕೊಟ್ರು. ಹತ್ತಿರದಿಂದ ನೋಡಿದೆ. ಹೂವಿರಲಿಲ್ಲ. ಸಾಲ್ವಿಯಾದ ಕೊಳವೆಯಂಥ ಹೂವು ಬೇಗ ಉದುರಿ ಹೋಗುತ್ತೆ. ಅದನ್ನ ಹಿಡಿದಿದ್ದ ಗಂಟೆಯಾಕಾರದ ಪುಷ್ಪಪಾತ್ರೆ, ಕ್ಲಾಸಲ್ಲಿ ನಾವು ಕೇಲಿಕ್ಸ್ ಅಂತೀವಲ್ಲ, ಅದು ಉಳ್ಕೊಳ್ಳುತ್ತೆ. ಬೇರೆ ಎಷ್ಟೋ ಗಿಡದಲ್ಲಿ ಅದು ಹಸಿರು. ಇದರಲ್ಲಿ ಅದೂ ಕೆಂಪು. ಹಾಗಾಗಿ ಹೂವು ಹೋಗಿ ಎಷ್ಟೋ ದಿನ ಆದ್ರೂ ದೂರದಿಂದ ಗಿಡ ಭರ್ತಿ ಅರಳಿದ ಹಾಗೇ ಕಾಣುತ್ತೆ. ಫೋಟೋದಲ್ಲಂತೂ ಗೊತ್ತೇ ಆಗಲ್ಲ.

ಅಪ್ಪ ಹೇಳಿದ್ದು ಇಷ್ಟೆ: "ಕಾಣೋಕೆ ಚೆಂದ ಇದೆ ಅಂತ ಬಿಟ್ರೆ ಗಿಡ ಬೀಜ ಕಟ್ಟೋಕೆ ಹೋಗುತ್ತೆ, ಹೂವು ಕಮ್ಮಿ ಆಗುತ್ತೆ. ಕತ್ತರಿಸಿದ್ರೆ ಪಕ್ಕದಿಂದ ಹೊಸದು ಒಡೆಯುತ್ತೆ."

ಇದು ನಿಮ್ಮ ಮೊದಲ ಟಿಪ್. ಕಡ್ಡಿಯಲ್ಲಿ ಹೂವು ಮುಗೀತಾ ಬಂದಾಗ ಬುಡದ ಮೊದಲ ಜೋಡಿ ಎಲೆಯ ಮೇಲೆ ಕತ್ತರಿಸಿ. ಬೇಜಾರು ಮಾಡ್ಕೋಬೇಡಿ. ಸುಮಾರು ಮೂರು ನಾಲ್ಕು ವಾರದಲ್ಲಿ ನಮ್ಮ ಎರಡೂ ಗಿಡ ಮತ್ತೆ ಮೊಗ್ಗು ಬಿಟ್ವು. ಏಪ್ರಿಲ್ ಬಿಸಿಲಿಗೆ ಎಲೆ ಅಂಚು ಸುಟ್ಟ ಹಾಗಾಯ್ತು, ಆಗ ಮಧ್ಯಾಹ್ನ ನೆರಳು ಬೀಳೋ ಹಾಗೆ ಟ್ಯಾಂಕಿನ ಪೂರ್ವಕ್ಕೆ ಸರಿಸಿದ್ವಿ. ಕೊನೇ ಎರಡು ಕಡ್ಡಿಗಳನ್ನ ಬೇಕಂತಲೇ ಬಿಟ್ವಿ, ಬೀಜಕ್ಕೆ.

(6/9)

ಬೀಜ ತೆಗೆಯೋದು ಹೀಗೆ. ಪುಷ್ಪಪಾತ್ರೆ ಒಣಗಿ ಕಂದು ಬಣ್ಣಕ್ಕೆ ತಿರುಗಿದಾಗ ಒಳಗೆ ಇಣುಕಿ ನೋಡಿ. ತಳದಲ್ಲಿ ಹೆಚ್ಚೆಂದರೆ ನಾಲ್ಕು ಬೀಜ ಇರುತ್ತೆ. ಕಪ್ಪು-ಕಂದು ಆಗಿದ್ರೆ ಬಲಿತಿದೆ, ಹಸಿರಿದ್ರೆ ಕಾಯಿರಿ. ತಡ ಮಾಡಿದ್ರೆ ನೆಲಕ್ಕೆ ಉದುರಿ ಹೋಗುತ್ತೆ. ನಾವು ಕಡ್ಡಿಗೆ ತೆಳು ಬಟ್ಟೆ ಚೀಲ ಕಟ್ಟಿದ್ವಿ.

ಜೂನ್ ಎರಡನೇ ವಾರ ನಾನೇ ಬಿತ್ತುತೀನಿ ಅಂತ ಹಠ ಮಾಡಿದೆ. ಬಾಟನಿ ಸ್ಟೂಡೆಂಟ್ ಅಲ್ವಾ. ತಟ್ಟೆಗೆ ಮಣ್ಣು ಹಾಕಿ, ಬೀಜ ಹಾಕಿ, ಮೇಲೆ ಅರ್ಧ ಇಂಚು ಮಣ್ಣು ಮುಚ್ಚಿ, ದಿನಕ್ಕೆ ಮೂರು ಸಲ ನೀರು ಸುರಿದೆ. ಅಲ್ಲೊಂದು ಇಲ್ಲೊಂದು ಮೊಳಕೆ ಬಂತು. ಬಂದಿದ್ದೂ ನಾಲ್ಕೇ ದಿನದಲ್ಲಿ ಮಣ್ಣಿನ ಮಟ್ಟದಲ್ಲಿ ದಾರದ ಹಾಗೆ ಸೊರಗಿ ಅಡ್ಡ ಮಲಗಿಬಿಡ್ತು. ಇದಕ್ಕೆ ಸಸಿ ಕೊಳೆ ರೋಗ ಅಂತಾರೆ. ಮಣ್ಣಲ್ಲಿರೋ ಶಿಲೀಂಧ್ರಗಳಿಂದ ಬರೋದು, ಕರೆದಿದ್ದು ನನ್ನ ನೀರು.

ಎರಡನೇ ಸಲ ಅಪ್ಪ ಪಕ್ಕದಲ್ಲಿ ಕೂತ್ರು. ಕೋಕೋಪೀಟ್ ಅರ್ಧ, ಎರೆಗೊಬ್ಬರ ಅರ್ಧ. ಮೊದಲೇ ಒದ್ದೆ ಮಾಡಿ, ಹಿಂಡಿದ್ರೆ ನೀರು ಇಳೀಬಾರದು ಅಷ್ಟೇ ತೇವ. ಬೀಜವನ್ನ ಮೇಲೆ ಉದುರಿಸಿ ಅಂಗೈಯಲ್ಲಿ ಮೆಲ್ಲಗೆ ಒತ್ತಿದ್ರು. ಮಣ್ಣು ಮುಚ್ಚಲಿಲ್ಲ. ಸಾಲ್ವಿಯಾ ಬೀಜಕ್ಕೆ ಮೊಳೆಯೋಕೆ ಬೆಳಕು ಬೇಕು. ಮೇಲೆ ಬೇಕರಿ ಕೇಕ್ ಡಬ್ಬದ ಪಾರದರ್ಶಕ ಮುಚ್ಚಳ ಕವುಚಿದ್ರು, ತೇವ ಆರದೇ ಇರಲಿ, ಬೆಳಕೂ ಬರಲಿ ಅಂತ. ನೀರು ಬರೀ ಸ್ಪ್ರೇ ಬಾಟಲಿಯಲ್ಲಿ. ಹನ್ನೆರಡನೇ ದಿನ ಬೆಳಗ್ಗೆ ಎದ್ದು ನೋಡಿದ್ರೆ ತಟ್ಟೆ ತುಂಬ ಹಸಿರು. ಮೊಳಕೆ ಬಂದ ದಿನವೇ ಮುಚ್ಚಳ ತೆಗೆದ್ರು, ಗಾಳಿ ಆಡ್ಲಿ ಅಂತ.

ಬೀಜಕ್ಕೆ ಬೆಳಕು ಬೇಕು ಅಂತ ನಾನು ಓದಿದ್ದೆ. ಪರೀಕ್ಷೆಗೆ ಬರೆದೂ ಇದ್ದೆ. ತಟ್ಟೆ ಮುಂದೆ ಕೂತಾಗ ನೆನಪಾಗಲಿಲ್ಲ.

(7/9)

ಎಲೆ ಎರಡು ಜೋಡಿ ಬಂದಮೇಲೆ ಒಂದೊಂದನ್ನೇ ಸಣ್ಣ ಲೋಟಕ್ಕೆ, ಆಮೇಲೆ ಕುಂಡಕ್ಕೆ. ಎಂಟು ಇಂಚಿನ ಕುಂಡಕ್ಕೆ ಒಂದೇ ಗಿಡ. ನೆಲದಲ್ಲಾದ್ರೆ ಒಂದೊಂದು ಅಡಿ ಬಿಟ್ಟು. ಕೆಂಪು ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು. ನೀರು ನಿಲ್ಲಬಾರದು.

ಮೂರ್ನಾಲ್ಕು ಜೋಡಿ ಎಲೆ ಆದಾಗ ತುದಿ ಚಿವುಟಬೇಕು. ಚಿವುಟಿದ್ರೆ ಒಂದೇ ಕಡ್ಡಿ ಉದ್ದ ಹೋಗದೆ ಪಕ್ಕದ ಮೊಗ್ಗುಗಳು ಎದ್ದು ಗಿಡ ಪೊದೆಯಾಗುತ್ತೆ. ತುದಿಯಲ್ಲಿ ತಯಾರಾಗೋ ಆಕ್ಸಿನ್ ಪಕ್ಕದ ಮೊಗ್ಗುಗಳನ್ನ ತಡೆದಿಟ್ಟಿರುತ್ತೆ, ತುದಿ ಹೋದ್ರೆ ತಡೆ ಹೋಯ್ತು. ನಾನು ಇದನ್ನ ಅಪ್ಪಂಗೆ ವಿವರಿಸಿದೆ. ಅಪ್ಪ ಕೇಳ್ತಾ ಕೇಳ್ತಾ ನಾನು ಒಂದು ಚಿವುಟೋ ಹೊತ್ತಿಗೆ ಆರು ಚಿವುಟಿದ್ರು. ಹೆಬ್ಬೆರಳಿನ ಉಗುರು ಹಸಿರಾಗಿತ್ತು. ಅದು ಯಾವಾಗಲೂ ಹಾಗೇ ಇರುತ್ತೆ, ಮದುವೆ ಮನೆಗೆ ಹೋಗೋವಾಗ ಉಜ್ಜಿ ಉಜ್ಜಿ ತೊಳೀತಾರೆ.

ಆಗ, ಕೈ ನಿಲ್ಲಿಸದೆಯೇ, ನನ್ನ ಮುಖ ನೋಡದೆಯೇ ಅಪ್ಪ ಹೇಳಿದ್ರು: "ಅವತ್ತು ನಿಮ್ಮ ಕಾಲೇಜಿಗೆ ಬಂದಿದ್ನಲ್ಲ, ನಾನೇ ಮಾತಾಡಿಸ್ಲಿಲ್ಲ. ಬಟ್ಟೆ ಎಲ್ಲಾ ಮಣ್ಣಾಗಿತ್ತು. ಫ್ರೆಂಡ್ಸ್ ಎಲ್ಲಾ ಇದ್ರಲ್ಲ ನಿಂಗೆ."

ಐದು ತಿಂಗಳು ನಾನು ಅಂದ್ಕೊಂಡಿದ್ದು ಒಂದೇ, ಅಪ್ಪ ನನ್ನ ನೋಡಿದ್ದು ಆಕಸ್ಮಿಕ, ನಾನು ತಲೆ ಬಗ್ಗಿಸಿದ್ದು ಅವರಿಗೆ ಗೊತ್ತಾಗಿಲ್ಲ. ಗೊತ್ತಾಗಿತ್ತು. ಗೊತ್ತಾಗಿ, ತಪ್ಪನ್ನ ತಮ್ಮ ಕಡೆ ಎಳ್ಕೊಂಡಿದ್ರು.

"ಇಲ್ಲಪ್ಪ, ನಾನು..." ಅಂದೆ. ಮುಂದೆ ಬರಲಿಲ್ಲ. ಅಪ್ಪ ಇನ್ನೊಂದು ಕುಂಡ ನನ್ನ ಕಡೆ ಸರಿಸಿ, "ಇದು ನೀನು ಚಿವುಟು" ಅಂದ್ರು.

(8/9)

ಬಿತ್ತಿ ಸುಮಾರು ಮೂರು ತಿಂಗಳಿಗೆ ಮೊದಲ ಹೂವು ಬಂತು. ದಸರಾ ಹೊತ್ತಿಗೆ ತಾರಸಿ ಪೂರ್ತಿ ಕೆಂಪು.

ಹೂವಿಗಿಂತ ಹೂವಿಗೆ ಬರೋರನ್ನ ನೋಡೋದು ಇನ್ನೂ ಚೆಂದ. ಅಮೆರಿಕ ಖಂಡಗಳಲ್ಲಿ ಇಂಥ ಕೆಂಪು ಸಾಲ್ವಿಯಾಗಳಿಗೆ ಹಮ್ಮಿಂಗ್‌ಬರ್ಡ್ ಬರುತ್ತೆ. ನಮ್ಮಲ್ಲಿ ಆ ಹಕ್ಕಿ ಇಲ್ಲ, ಆದ್ರೆ ಸೂರಕ್ಕಿ ಇದೆ. ಹೆಬ್ಬೆರಳಿನಷ್ಟಿರೋ ಹಕ್ಕಿ, ಬಾಗಿದ ಕೊಕ್ಕು. ಬೆಳಗ್ಗೆ ಏಳಕ್ಕೆ ಬಂದು ಕಡ್ಡಿ ಮೇಲೇ ಕೂತು, ಒಂದೊಂದೇ ಕೊಳವೆಗೆ ಕೊಕ್ಕು ಹಾಕುತ್ತೆ. ಈ ಪೋಸ್ಟಿನ ಫೋಟೋ ಮಸುಕಾಗಿದೆ, ಕ್ಷಮಿಸಿ. ಅದು ನನಗೋಸ್ಕರ ಪೋಸ್ ಕೊಡಲ್ಲ.

ನೀಲಿದು ಬೇರೆ ಜಾತಿ, ಸಾಲ್ವಿಯಾ ಫಾರಿನೇಸಿಯಾ, ಟೆಕ್ಸಾಸ್ ಮತ್ತು ಮೆಕ್ಸಿಕೋ ಕಡೆಯದು. ಕಡ್ಡಿ ಮೇಲೆ ಹಿಟ್ಟು ಚಿಮುಕಿಸಿದ ಹಾಗಿರುತ್ತೆ, ಹೆಸರೂ ಅದರಿಂದಲೇ. ಅದಕ್ಕೆ ಜೇನುನೊಣ ಜಾಸ್ತಿ. ಎಷ್ಟೋ ಸಾಲ್ವಿಯಾಗಳ ಒಳಗೆ ಒಂದು ಸನ್ನೆಗೋಲು ಇದೆ ಗೊತ್ತಾ? ಜೇನುನೊಣ ಮಕರಂದಕ್ಕೆ ತಲೆ ಹಾಕಿದಾಗ ಕೇಸರದ ಒಂದು ತುದಿಗೆ ತಾಗುತ್ತೆ, ಇನ್ನೊಂದು ತುದಿ ಏತದ ಹಾಗೆ ಬಾಗಿ ಬೆನ್ನಿಗೆ ಪರಾಗ ಒರೆಸುತ್ತೆ. ಸ್ಪ್ರೆಂಗೆಲ್ ಅನ್ನೋ ಜರ್ಮನ್ ಮೇಷ್ಟ್ರು 1793ರಲ್ಲೇ ತನ್ನ ಪುಸ್ತಕದಲ್ಲಿ ಈ ಸನ್ನೆಗೋಲಿನ ಬಗ್ಗೆ ಬರೆದಿದ್ದ.

ತೊಂದರೆಗಳೂ ಇವೆ. ಬಿಳಿ ನೊಣ ಬರುತ್ತೆ, ಎಲೆ ಅಡಿಯಲ್ಲಿ ನೋಡ್ತಿರಿ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪು, ಸಂಜೆ ಹೊತ್ತು ಎಲೆ ಅಡಿಗೆ ಸಿಂಪಡಿಸಿ. ಬಿಸಿಲಲ್ಲಿ ಬೇಡ, ಎಲೆ ಸುಡುತ್ತೆ. ಇನ್ನು ಬೀಜ ಮೊಳೆಯೋವರೆಗೂ ತಾಳ್ಮೆ ಇಲ್ಲದವರು ಕಡ್ಡಿ ನೆಡಬಹುದು. ಹೂವಿಲ್ಲದ ನಾಲ್ಕಿಂಚು ರೆಂಬೆ, ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು ಒದ್ದೆ ಮರಳಲ್ಲಿ ನೆರಳಲ್ಲಿಡಿ. ಎರಡು ಮೂರು ವಾರಕ್ಕೆ ಬೇರು ಬರುತ್ತೆ.

(9/9)

ಕಳೆದ ಭಾನುವಾರದ ಆ ಫೋಟೋ ಇದೆಯಲ್ಲ, ನೂರಾರು ಲೈಕ್ ಬಂದಿದ್ದು, ಅದನ್ನ ಜೂಮ್ ಮಾಡಿ ನೋಡಿ. ಎಡಗಡೆ ಮೂರು ಕಡ್ಡಿಯಲ್ಲಿ ಹೂವೇ ಇಲ್ಲ. ಬರೀ ಪುಷ್ಪಪಾತ್ರೆ. ಕೆಂಪಗಿರೋದ್ರಿಂದ ಯಾರಿಗೂ ಗೊತ್ತಾಗಲಿಲ್ಲ. ಪೋಸ್ಟ್ ಮಾಡಿದ ಸಂಜೆ ಅವನ್ನ ಕತ್ತರಿಸಿದೆ.

ಇವತ್ತು ಇನ್ನೊಂದನ್ನೂ ಕತ್ತರಿಸ್ತಿದ್ದೀನಿ. ನಮಗೆ ನರ್ಸರಿ ಇಲ್ಲ. ನಮ್ಮಪ್ಪ ನರ್ಸರೀಲಿ ಮಾಲಿ. ಕಾಲೇಜ್ ಡೇ ದಿನ ನಮ್ಮ ಫೋಟೋ ಹಿಂದೆ ಇದ್ದ ಮೂವತ್ತು ಕುಂಡವನ್ನ ಬಿತ್ತಿ, ಚಿವುಟಿ, ಬೆಳೆಸಿ, ಹೊತ್ತು ತಂದು, ಮುಖ ತಿರುಗಿಸಿ ಇಟ್ಟಿದ್ದು ಅವರು. "ಅಂಕಲ್" ಅಂದವಳೇ, ನಿನಗೆ ಬೇಜಾರಾಗೋದು ಬೇಡ. ನೀನು ಅವರನ್ನ ಮಾತಾಡಿಸಿದೆ. ನಾನು ಮಾತಾಡಿಸಲಿಲ್ಲ.

ಇದನ್ನ ಬರೀತೀನಿ ಅಂತ ಅಪ್ಪಂಗೆ ಹೇಳಿದೆ. ಪೂರ್ತಿ ಓದಿ ಹೇಳಿದೆ ಕೂಡ. ಏಳನೇ ಪೋಸ್ಟ್ ಓದೋವಾಗ ಅವರು ಎದ್ದು ಟ್ಯಾಂಕಿನ ವಾಲ್ ತಿರುಗಿಸೋಕೆ ಹೋದ್ರು, ವಾಲ್ ಸರಿಯಾಗೇ ಇತ್ತು. ಬಂದು ಕೂತು, "ಬರ್ಕೋ. ಆದ್ರೆ ನೀರು ಜಾಸ್ತಿ ಹಾಕ್ಬೇಡಿ ಅಂತ ದಪ್ಪ ಅಕ್ಷರದಲ್ಲಿ ಬರಿ, ನಿಮ್ಮೋರೆಲ್ಲ ನಿನ್ನ ಥರಾನೇ ಇರ್ತಾರೆ" ಅಂದ್ರು. ಇಲ್ಲಿ ದಪ್ಪ ಅಕ್ಷರ ಬರಲ್ಲ, ಹಾಗಾಗಿ ಎರಡು ಸಲ ಬರೀತೀನಿ. ನೀರು ಜಾಸ್ತಿ ಹಾಕ್ಬೇಡಿ. ನೀರು ಜಾಸ್ತಿ ಹಾಕ್ಬೇಡಿ.

ಬೀಜ ಬೇಕಿರೋರು ಕಾಮೆಂಟಲ್ಲಿ ಹೆಸರು ಹಾಕಿ, ಸೋಮವಾರ ಕ್ಲಾಸಿಗೆ ತರ್ತೀನಿ. ಈಗ ಬಿತ್ತಿದ್ರೆ ಈ ಸಲದ ಕಾಲೇಜ್ ಡೇ ಹೊತ್ತಿಗೆ ನಿಮ್ಮನೇಲೂ ಅರಳಿರುತ್ತೆ. ನಾನು ಇದನ್ನ ಟೈಪ್ ಮಾಡೋವಾಗ ಅಪ್ಪ ಎದುರುಗಡೆ ಕೂತು ಹಳೇ ಪೇಪರ್ ಹರಿದು ಪೊಟ್ಟಣ ಕಟ್ತಿದ್ದಾರೆ. "ಕ್ಲಾಸಲ್ಲಿ ಎಷ್ಟು ಜನ?" ಅಂದ್ರು. ಅರವತ್ತೆರಡು ಅಂದೆ.

"ಇಷ್ಟು ಸಾಲಲ್ಲ" ಅಂತ ಇನ್ನೊಂದು ಡಬ್ಬಿ ತೆಗೆಯೋಕೆ ಎದ್ರು.

#ಸಾಲ್ವಿಯಾ #ತಾರಸಿತೋಟ #ಮೈಸೂರು #ಅಪ್ಪ